ಒಬ್ಬರೇ ಡಾಕ್ಟರ್ ಇರುವ ಆಸ್ಪತ್ರೆ

ನಮ್ಮ ಆಸ್ಪತ್ರೆಗೆ ಹೊಸ ಡಾಕ್ಟರ್ ಬಂದ ದಿನ ಊರಿನವರು ನನ್ನ ಕಿಟಕಿಗೆ ಬಂದು ಕೇಳುವುದು ಒಂದೇ ಪ್ರಶ್ನೆ: "ಇವ್ರು ಎಷ್ಟ್ ದಿನ ಇರ್ತಾರೆ?" ಹೆಸರು, ಊರು ಎಲ್ಲ ಆಮೇಲೆ.

ನಾನು ಚಿಕ್ಕಮಗಳೂರು ಜಿಲ್ಲೆ ಕೊಪ್ಪ ತಾಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಫಾರ್ಮಸಿಸ್ಟ್. ಡಾಕ್ಟರ್‌ಗಳು ಬದಲಾಗುತ್ತಾ ಹೋಗುತ್ತಾರೆ, ನಾನು, ನರ್ಸ್, ಆಶಾ ಕಾರ್ಯಕರ್ತೆಯರು ಇಲ್ಲೇ ಇರುತ್ತೇವೆ. ಡಾಕ್ಟರ್ ಬದಲಾದರೆ ಏನಾಗುತ್ತದೆ ಅನ್ನೋದು ಮೊದಲು ಕಾಣುವುದು ಔಷಧಿ ಕೊಡುವ ಕಿಟಕಿಯಲ್ಲೇ. ಬಿಪಿಗೆ ಒಬ್ಬರು ಆಮ್ಲೋಡಿಪಿನ್ ಬರೆದಿರುತ್ತಾರೆ, ಮುಂದೆ ಬಂದವರು ಟೆಲ್ಮಿಸಾರ್ಟನ್ ಬರೆಯುತ್ತಾರೆ. ಎರಡೂ ಒಳ್ಳೆಯ ಮಾತ್ರೆಗಳೇ. ಆದರೆ ಮಾತ್ರೆಯ ಬಣ್ಣ ಬದಲಾಯಿತು, ಡಾಕ್ಟರ್ ಮುಖವೂ ಬದಲಾಯಿತು ಅಂದ್ಕೂಡಲೇ ಅಜ್ಜಿಗೆ ಅನುಮಾನ ಶುರು. ಒಂದು ತಿಂಗಳು ಬರುತ್ತಾರೆ, ಎರಡನೇ ತಿಂಗಳು ಬರಲ್ಲ. ಆಮೇಲೆ ಅವರ ಮಗ ಬಂದು "ಅಮ್ಮಂಗೆ ಲಕ್ವ ಹೊಡೀತು, ಮಣಿಪಾಲಕ್ಕೆ ಕರ್ಕೊಂಡು ಹೋಗಿದ್ವಿ" ಅನ್ನುತ್ತಾನೆ. ಇಂಥದ್ದು ನೋಡಿ ನೋಡಿ ನನಗೆ ಹೊಟ್ಟೆ ಉರಿಯುತ್ತದೆ.

ಈಗ ಹೇಳುತ್ತಿರುವುದು ಕಡ್ಡಾಯ ಸೇವೆಗೆ ಬಂದಿದ್ದ ಒಬ್ಬ ಮೇಡಂ ವಿಷಯ. ಎಂಬಿಬಿಎಸ್ ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕು ಅಂತ 2012ರ ಕಾಯ್ದೆಯಲ್ಲಿ ಇತ್ತಲ್ಲ, ಅದರ ಲೆಕ್ಕದಲ್ಲಿ ಬಂದವರು. ಬಳ್ಳಾರಿ ಕಡೆಯವರು. ಬಿಸಿಲೂರಿನಲ್ಲಿ ಬೆಳೆದ ಹುಡುಗಿ, ಇಲ್ಲಿಯ ಮಳೆ, ಇಂಬಳ (ಜಿಗಣೆ), ವಾರಗಟ್ಟಲೆ ಒಣಗದ ಬಟ್ಟೆ ನೋಡಿ ವಾರದಲ್ಲೇ ಓಡಿ ಹೋಗುತ್ತಾರೆ ಅಂತ ಊರವರೆಲ್ಲ ಲೆಕ್ಕ ಹಾಕಿದ್ದರು. ಓಡಲಿಲ್ಲ. ಕ್ವಾರ್ಟರ್ಸ್ ಸೋರುತ್ತಿತ್ತು ಅಂತ ಹತ್ತಿರದ ಮನೆಯೊಂದರ ಮಾಳಿಗೆ ಬಾಡಿಗೆಗೆ ಹಿಡಿದರು. ಮಲೆನಾಡಿನ ಕನ್ನಡ ಅವರಿಗೆ, ಅವರ ಕನ್ನಡ ನಮ್ಮವರಿಗೆ ಬೇಗ ಹೊಂದಿಕೊಂಡಿತು. ಕಾಡಿನ ಉಣುಗು, ಅಂದರೆ ಉಣ್ಣೆ ಹುಳ, ಕಚ್ಚಿ ಹರಡುವ ಮಂಗನ ಕಾಯಿಲೆ ಬಗ್ಗೆ ಪುಸ್ತಕದಲ್ಲಿ ಓದಿದ್ದರು ಅಷ್ಟೇ. 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು, ಇವತ್ತಿಗೂ ನಮ್ಮ ಕೊಪ್ಪ, ಎನ್.ಆರ್. ಪುರ, ಶೃಂಗೇರಿ ಕಡೆ ಬಿಟ್ಟು ಹೋಗಿಲ್ಲ. ಫೆಬ್ರವರಿ, ಮಾರ್ಚಲ್ಲಿ ಜ್ವರ ಅಂತ ಬಂದವರಿಗೆ "ದರಗು (ಒಣಗಿದ ಎಲೆ) ತರೋಕೆ ಕಾಡಿಗೆ ಹೋಗಿದ್ರಾ? ಉಣುಗು ಕಚ್ಚಿತ್ತಾ?" ಅಂತ ಮೊದಲು ಕೇಳಬೇಕು ಅನ್ನೋದನ್ನು ಅವರು ಆಶಾ ಕಾರ್ಯಕರ್ತೆಯರಿಂದ ಕಲಿತರು. ಒಂದು ಸೀಸನ್ ಪೂರ್ತಿ ಬೇಕು ಇದನ್ನು ಕಲಿಯೋಕೆ. ಕಲಿತ ಮೇಲೆ ಅವರು ಹೊರಟು ಹೋದರೆ ಮುಂದಿನವರು ಮತ್ತೆ ಅ ಆ ಇ ಈ ಯಿಂದ ಶುರು ಮಾಡಬೇಕು.

ಆ ಜುಲೈ 9ನೇ ತಾರೀಖು ನನಗೆ ಚೆನ್ನಾಗಿ ನೆನಪಿದೆ. ತಿಂಗಳ 9ಕ್ಕೆ ಗರ್ಭಿಣಿಯರನ್ನು ಡಾಕ್ಟರೇ ಪರೀಕ್ಷೆ ಮಾಡಬೇಕು, 2016ರಿಂದ ಇರುವ ಕೇಂದ್ರ ಸರ್ಕಾರದ ಕಾರ್ಯಕ್ರಮ ಅದು. ಆಶಾದವರು ಎಸ್ಟೇಟ್ ಲೈನುಗಳಿಂದ (ಕೂಲಿಯವರ ಸಾಲುಮನೆಗಳಿಂದ), ಒಳಗಿನ ಹಳ್ಳಿಗಳಿಂದ ಜೀಪು, ಆಟೋ ಮಾಡಿಸಿಕೊಂಡು ಕರೆದುಕೊಂಡು ಬಂದಿದ್ದರು. ಮಳೆ ಅಂದರೆ ಮಳೆ. ಕರೆಂಟ್ ಹಿಂದಿನ ದಿನದಿಂದಲೇ ಇರಲಿಲ್ಲ.

ಮೇಡಂ ಮಾತ್ರ ಇರಲಿಲ್ಲ. ಅವರಿಗೆ ಕೋರ್ಟ್ ಸಮನ್ಸ್ ಬಂದಿತ್ತು. ಯಾವುದೋ ಹೊಡೆದಾಟದ ಕೇಸಲ್ಲಿ ಗಾಯದ ಸರ್ಟಿಫಿಕೇಟ್ ಬರೆದಿದ್ದರು, ಬರೆದವರೇ ಹೋಗಿ ಸಾಕ್ಷಿ ಹೇಳಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ. ಪಕ್ಕದ ಆಸ್ಪತ್ರೆಯಲ್ಲಿ ಡಾಕ್ಟರ್ ಹುದ್ದೆ ಖಾಲಿ ಇದ್ದುದರಿಂದ ಅದರ ಇನ್‌ಚಾರ್ಜ್ ಕೂಡ ಇವರೇ. ಹಾಗಾಗಿ ಇವರ ಜಾಗಕ್ಕೆ ಅಲ್ಲಿಂದ ಒಬ್ಬರನ್ನು ಕರೆಸೋಣ ಅಂದರೆ ಆ ಒಬ್ಬರೂ ಇವರೇ!

ನಮ್ಮ ಸ್ಟಾಫ್ ನರ್ಸ್ ತೂಕ, ಬಿಪಿ, ಹಿಮೋಗ್ಲೋಬಿನ್ ಎಲ್ಲ ನೋಡುತ್ತಾ ಹೋದರು. ಎಸ್ಟೇಟ್ ಲೈನಿನ ಒಬ್ಬ ಹುಡುಗಿ, ಮೊದಲ ಬಸಿರು, ಎಂಟು ತಿಂಗಳು. ಕಾಲು ಊದಿತ್ತು, ಬಿಪಿ 150/100, ಮೂತ್ರದಲ್ಲಿ ಪ್ರೋಟೀನ್. ತಲೆನೋವು ಬೇರೆ. ತಾಯಿ, ಮಗು ಇಬ್ಬರಿಗೂ ಅಪಾಯ ಆಗಬಹುದಾದ ಲಕ್ಷಣಗಳಿವು. ನರ್ಸ್ ನಮ್ಮ ಡಾಕ್ಟರ್ ಮೇಡಂಗೆ ಫೋನ್ ಮಾಡಿದರು. ಕೋರ್ಟ್ ವರಾಂಡದಲ್ಲಿ ನಿಂತೇ ಅವರು ಮಾತ್ರೆ ಹೇಳಿದರು, ಜಿಲ್ಲಾಸ್ಪತ್ರೆಗೆ ಕಳಿಸಿ, 108ಕ್ಕೆ ಫೋನ್ ಮಾಡಿ ಅಂದರು. ನಾನು ಮಾತ್ರೆ ಕೊಟ್ಟೆ. ಆದರೆ ಅತ್ತೆ ಒಪ್ಪಲಿಲ್ಲ. "ಚಿಕ್ಕಮಗಳೂರಿಗೆ ಹೋದ್ರೆ ಹೊಟ್ಟೆ ಕೊಯ್ತಾರೆ, ನಾವು ಮನೆಗೆ ಹೋಗ್ತೀವಿ." ನರ್ಸ್ ಹೇಳಿ ಸೋತರು, ಆಶಾ ಹೇಳಿ ಸೋತರು. ಕೊನೆಗೆ ಆ ಅಮ್ಮನೇ ಒಂದು ದಾರಿ ಹೇಳಿದರು: "ಡಾಕ್ಟ್ರಮ್ಮ ಬರ್ಲಿ, ಅವ್ರು ಹೇಳಿದ್ರೆ ಹೋಗ್ತೀವಿ."

ಮೇಡಂ ಬಂದದ್ದು ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ. ಕೇಸು ವಾಯಿದೆ ಆಗಿತ್ತು, ಅಂದರೆ ಸಾಕ್ಷಿನೂ ಆಗಲಿಲ್ಲ, ಇನ್ನೊಂದು ದಿನ ಮತ್ತೆ ಹೋಗಬೇಕು. ಒದ್ದೆ ಸೀರೆಯಲ್ಲೇ ಆ ಅತ್ತೆಯ ಪಕ್ಕ ಬೆಂಚಿನ ಮೇಲೆ ಕೂತರು. ಹೆದರಿಸಲಿಲ್ಲ, ಬೈಯಲಿಲ್ಲ. ಹಿಂದೆ ಆ ಅಮ್ಮನ ಕಾಲಿನ ಗಾಯಕ್ಕೆ ಇದೇ ಮೇಡಂ ತಿಂಗಳುಗಟ್ಟಲೆ ಡ್ರೆಸ್ಸಿಂಗ್ ಮಾಡಿಸಿದ್ದರು, ಶುಗರ್ ಹತೋಟಿಗೆ ತಂದಿದ್ದರು. "ಅಮ್ಮಾ, ನಿಮ್ ಕಾಲು ಉಳೀತು ಅಲ್ಲೇನು? ಈಗ ಇವ್ಳನ್ನೂ ಉಳಿಸ್ಕೊಳ್ಳೋಣ" ಅಂದರು. ಅಷ್ಟೇ. ಅತ್ತೆ ಎದ್ದು ಚೀಲ ತಗೊಂಡರು. ಆ ಹುಡುಗಿಗೆ ಮಲ್ಲೇಗೌಡ ಜಿಲ್ಲಾಸ್ಪತ್ರೆಯಲ್ಲಿ ಹೆರಿಗೆ ಆಯಿತು, ತಾಯಿ ಮಗು ಇಬ್ಬರೂ ಆರಾಮ.

ಆ ಕೆಲಸವನ್ನು ಬೇರೆ ಯಾವ ಡಾಕ್ಟರೂ ಅವತ್ತು ಮಾಡೋಕೆ ಆಗುತ್ತಿರಲಿಲ್ಲ ಅಂತ ನಾನು ಖಂಡಿತ ಹೇಳುತ್ತೇನೆ. ಅವರಿಗಿಂತ ದೊಡ್ಡ ಡಿಗ್ರಿ ಇದ್ದವರಿಗೂ ಆಗುತ್ತಿರಲಿಲ್ಲ. ಆ ಬೆಂಚಿನ ಮೇಲೆ ಕೆಲಸ ಮಾಡಿದ್ದು ಹಳೆಯ ಪರಿಚಯ.

ಗರ್ಭಿಣಿಯರನ್ನೆಲ್ಲ ನೋಡಿ ಮುಗಿಸುವಷ್ಟರಲ್ಲಿ ಪೊಲೀಸರು ಬಂದರು. ಹಳ್ಳಕ್ಕೆ ಬಿದ್ದು ಒಬ್ಬರು ತೀರಿಕೊಂಡಿದ್ದರು, ಪೋಸ್ಟ್ ಮಾರ್ಟಂ ಆಗಬೇಕು, ಕತ್ತಲಾಗುವ ಮೊದಲೇ ಆಗಬೇಕು, ಬೇರೆ ಡಾಕ್ಟರ್ ರಜೆಯಲ್ಲಿದ್ದಾರೆ. ಮನೆಯವರು ಹೊರಗೆ ಅಳುತ್ತಾ ನಿಂತಿದ್ದರು. ಆಗಲ್ಲ ಅನ್ನೋದು ಹೇಗೆ? ಮೇಡಂ ಹೋದರು. ಊಟ ಮಾಡಿರಲಿಲ್ಲ.

ರಾತ್ರಿ ಅವರು ವಾಪಸ್ ಬರುವ ಹೊತ್ತಿಗೆ ನಾನು ಸ್ಟಾಕ್ ರಿಜಿಸ್ಟರ್ ಬರೆಯುತ್ತಾ ಕೂತಿದ್ದೆ. ಮನೆಯಿಂದ ತರಿಸಿದ್ದ ಕಡುಬು ಕೊಟ್ಟೆ. ತಿನ್ನುತ್ತಾ ಕೇಳಿದರು, "ಅಕ್ಕಾ, ನಾಳೆ ನಂಗೆ ಜ್ವರ ಬಂದ್ರೆ ಯಾರು ನೋಡ್ತಾರೆ?" ಅವರ ಕಡ್ಡಾಯ ಸೇವೆಯ ವರ್ಷ ಮುಗಿಯುವುದರಲ್ಲಿತ್ತು. ಮುಂದೆ ಕಾಂಟ್ರ್ಯಾಕ್ಟ್ ಮೇಲೆ ಇದ್ದುಬಿಡಿ ಅಂತ ಆರೋಗ್ಯ ರಕ್ಷಾ ಸಮಿತಿಯವರು, ಪಂಚಾಯಿತಿಯವರು ಎಲ್ಲ ಕೇಳಿಕೊಂಡಿದ್ದರು. ಒಬ್ಬರಂತೂ ಬಾಡಿಗೆ ನಾವೇ ಕೊಡ್ತೀವಿ ಅಂದಿದ್ದರು. ಮೇಡಂ ಹೇಳಿದ್ದು ಇಷ್ಟು: "ಸಂಬಳ ಸಾಕಕ್ಕಾ. ಊರೂ ಇಷ್ಟ. ಇನ್ನೊಬ್ರು ಡಾಕ್ಟರ್ ಇದ್ದಿದ್ರೆ ನಾನು ಇನ್ನೆರಡು ವರ್ಷ ಕಣ್ಣುಮುಚ್ಚಿ ಇರ್ತಿದ್ದೆ. ಒಬ್ಳೇ ಆಗಲ್ಲ."

ಅವತ್ತಿನಿಂದ ನನಗೆ ಈ ಮಾತು ಬಿಟ್ಟು ಬೇರೆ ಕಾರಣಗಳೆಲ್ಲ ಸಣ್ಣದಾಗಿ ಕಾಣುತ್ತವೆ. ಹಳ್ಳಿಗೆ ಡಾಕ್ಟರ್ ಬರಲ್ಲ, ಅವರಿಗೆ ಸಿಟಿ ಬೇಕು, ದುಡ್ಡು ಬೇಕು ಅಂತ ನಾವು ಸುಮ್ನೆ ಹೇಳುತ್ತೇವೆ. ಕೆಲವರಿಗೆ ಹಾಗೇ ಇರಬಹುದು. ಪಿಜಿ ಓದುವ ಆಸೆ ಇರುತ್ತದೆ, ಅದು ತಪ್ಪೂ ಅಲ್ಲ. ನೆಟ್‌ವರ್ಕ್ ಇಲ್ಲದೆ ಆನ್‌ಲೈನ್ ಕ್ಲಾಸ್ ಕೇಳಲು ಮೇಡಂ ಗುಡ್ಡದ ಮೇಲಿನ ಬಸ್ ಸ್ಟಾಪಿಗೆ ಹೋಗಿ ಕೂರುತ್ತಿದ್ದರು. ಆದರೆ ಬಂದು, ಊರನ್ನು ಮೆಚ್ಚಿ, ಇರೋಕೆ ಮನಸ್ಸು ಮಾಡಿದವರನ್ನೂ ಕಳಿಸುವ ಹಾಗೆ ಈ ಹುದ್ದೆಯನ್ನೇ ಮಾಡಿಟ್ಟಿದ್ದೇವೆ. ಗುಡ್ಡಗಾಡಿನಲ್ಲಿ 20,000 ಜನಕ್ಕೆ, ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಅನ್ನೋದು ಲೆಕ್ಕ, ಎಷ್ಟೋ ಕಡೆ ಅಲ್ಲಿರುವುದು ಒಬ್ಬರೇ ಡಾಕ್ಟರ್. ಸ್ವಾತಂತ್ರ್ಯಕ್ಕೂ ಮೊದಲೇ, 1946ರಲ್ಲಿ, ಭೋರ್ ಸಮಿತಿ 40,000 ಜನಕ್ಕೆ ಒಂದು ಕೇಂದ್ರ ಮಾಡಿ, ಅದರಲ್ಲಿ ಇಬ್ಬರು ಡಾಕ್ಟರ್ ಇರಲಿ ಅಂದಿತ್ತು. ಕೇಂದ್ರದ ಮಾತು ಹಿಡಿದುಕೊಂಡೆವು, ಇಬ್ಬರು ಅನ್ನೋದನ್ನು ಬಿಟ್ಟೆವು.

ಮೇಡಂ ಹೋಗುವ ಮೊದಲು ನನಗೆ ನಾರ್ವೆ ದೇಶದ ಒಂದು ಅಧ್ಯಯನದ ಬಗ್ಗೆ ಹೇಳಿದ್ದರು. ಅಲ್ಲಿ ಪ್ರತಿಯೊಬ್ಬರಿಗೂ ಒಬ್ಬ ಫ್ಯಾಮಿಲಿ ಡಾಕ್ಟರ್ ಇರುತ್ತಾರಂತೆ. ಸುಮಾರು 45 ಲಕ್ಷ ಜನರ ದಾಖಲೆ ನೋಡಿ 2022ರಲ್ಲಿ ಪ್ರಕಟಿಸಿದ್ದಾರೆ. ಒಬ್ಬರೇ ಡಾಕ್ಟರ್ ಹತ್ತಿರ 15 ವರ್ಷಕ್ಕಿಂತ ಜಾಸ್ತಿ ತೋರಿಸಿಕೊಂಡವರಲ್ಲಿ, ಒಂದೇ ವರ್ಷದ ಪರಿಚಯ ಇದ್ದವರಿಗೆ ಹೋಲಿಸಿದರೆ, ಸಾವಿನ ಸಾಧ್ಯತೆ ಸುಮಾರು ಕಾಲು ಭಾಗ ಕಡಿಮೆ ಇತ್ತು. ನಮ್ಮ ಊರಿನ ಅಜ್ಜಿಯಂದಿರಿಗೆ ಇದು ಮೊದಲೇ ಗೊತ್ತಿದೆ, ಅದಕ್ಕೇ "ಎಷ್ಟ್ ದಿನ ಇರ್ತಾರೆ" ಅಂತ ಕೇಳೋದು.

ಮೇಡಂಗೆ ಪಿಜಿ ಸೀಟು ಸಿಕ್ಕಿತು, ಹೋದರು. ಆಮೇಲೆ ನೇರ ಸಂದರ್ಶನಕ್ಕೆ ಪ್ರಕಟಣೆ ಹೊರಟಿತು. ಒಬ್ಬರು ಬಂದು ಕ್ವಾರ್ಟರ್ಸ್ ನೋಡಿ ಹೋದವರು ಮತ್ತೆ ಫೋನ್ ಎತ್ತಲಿಲ್ಲ. ಈಗ ಪಕ್ಕದ ಆಸ್ಪತ್ರೆಗೆ ಹೊಸದಾಗಿ ಬಂದಿರುವ ಡಾಕ್ಟರ್ ನಮ್ಮ ಇನ್‌ಚಾರ್ಜ್. ಒಳ್ಳೆಯ ಹುಡುಗ, ವಾರದಲ್ಲಿ ಎರಡು ದಿನ ಬರುತ್ತಾರೆ. ಅವರ ಮುಖದಲ್ಲೂ ಅದೇ ಸುಸ್ತು ಕಾಣೋಕೆ ಶುರುವಾಗಿದೆ, ನನಗೆ ಭಯ ಆಗುತ್ತದೆ.

ಹಳ್ಳಿಯಲ್ಲೇ ಬೆಳೆದವರು ಹಳ್ಳಿಯಲ್ಲಿ ನಿಲ್ಲುವುದು ಜಾಸ್ತಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲೂ ಹೇಳಿದೆ. ನಮ್ಮಲ್ಲಿ ಹಳ್ಳಿ ಶಾಲೆಯಲ್ಲಿ ಓದಿದ ಮಕ್ಕಳಿಗೆ 15% ಗ್ರಾಮೀಣ ಮೀಸಲಾತಿ ಇದೆ. ಹಾಸನದಲ್ಲಿ 2006ರಿಂದ ಸರ್ಕಾರಿ ಮೆಡಿಕಲ್ ಕಾಲೇಜು ಇದೆ, ಈಗ ಚಿಕ್ಕಮಗಳೂರಲ್ಲೂ ಆಗಿದೆ. ಆ ಮಕ್ಕಳನ್ನು ಓದುವಾಗಲೇ ಇಂಥ ಆಸ್ಪತ್ರೆಗಳಲ್ಲಿ ತಿಂಗಳುಗಟ್ಟಲೆ ಇರಿಸಬೇಕು ಅನ್ನೋದು ನನ್ನ ಆಸೆ. ಆದರೆ ಬಂದು ನಿಂತವರನ್ನು ಮತ್ತೆ ಒಬ್ಬಂಟಿ ಮಾಡಿದರೆ ನಮ್ಮದೇ ಊರಿನ ಮಗಳಾದರೂ ಹೋಗಿಯೇ ಹೋಗುತ್ತಾಳೆ.

ಹೋದ ಸಲದ ಆರೋಗ್ಯ ರಕ್ಷಾ ಸಮಿತಿ ಸಭೆಯಲ್ಲಿ ಇದನ್ನೆಲ್ಲ ಹೇಳಿ ಒಂದು ಮನವಿ ಬರೆದೆವು. ನಮ್ಮದು, ಪಕ್ಕದ್ದು, ಎರಡೂ ಆಸ್ಪತ್ರೆಗೆ ಸೇರಿ ಇಬ್ಬರು ಡಾಕ್ಟರ್‌ಗಳನ್ನು ಜೋಡಿಯಾಗಿ ಕೊಡಿ. ಒಬ್ಬರು ಕೋರ್ಟಿಗೋ ಮೀಟಿಂಗಿಗೋ ಹೋದರೆ ಇನ್ನೊಬ್ಬರು ರೋಗಿ ನೋಡಲಿ. ತಿಂಗಳ 9ಕ್ಕೆ ಬೇರೆ ಡ್ಯೂಟಿ ಹಾಕಬೇಡಿ. ಇಬ್ಬರಿಗೂ ವಾರಕ್ಕೊಂದು ಪೂರ್ತಿ ರಜೆ ಸಿಗಲಿ. ಕ್ವಾರ್ಟರ್ಸ್ ಹೆಂಚು ಸಮಿತಿ ದುಡ್ಡಲ್ಲೇ ಮಳೆಗಾಲಕ್ಕೆ ಮೊದಲು ಬದಲಾಯಿಸಿದ್ದೇವೆ, ಇನ್ವರ್ಟರ್‌ಗೆ ದಾನಿಗಳು ಸಿಕ್ಕಿದ್ದಾರೆ. ಮನವಿ ತಾಲೂಕು ಕಚೇರಿ ದಾಟಿ ಜಿಲ್ಲೆಗೆ ಹೋಗಿದೆ. ಉತ್ತರ ಬರುವವರೆಗೆ ಪ್ರತಿ ಸಭೆಯಲ್ಲೂ ಕೇಳುತ್ತೇವೆ.