ಸಂಜೆ ಮಾತ್ರ ಸ್ಲೋ ಆಗುವ ನೆಟ್: ಮೊದಲು ಎಲ್ಲಿ ನೋಡಬೇಕು?

ಚಿಕ್ಕಮಗಳೂರಿನಲ್ಲಿ ಕೇಬಲ್ ಇಂಟರ್ನೆಟ್ ಕೆಲಸ ಮಾಡುವ ನಮಗೆ ಜಾಸ್ತಿ ಬರುವ ದೂರು ಇದು: "ಬೆಳಗ್ಗೆ ಚೆನ್ನಾಗಿರುತ್ತೆ ಸಾರ್, ಸಂಜೆ ಆದ್ರೆ ಸುತ್ತುತ್ತಲೇ ಇರುತ್ತೆ." ಹೊಸ ಹುಡುಗರು ಕೂಡಲೇ ಏಣಿ ಹಾಕಿ ಕನೆಕ್ಟರ್ ಬಿಚ್ಚುತ್ತಾರೆ. ನಮ್ಮೂರ ಮಳೆಗೆ ಕನೆಕ್ಟರ್ ಒಳಗೆ ನೀರು ಇಳಿಯುವುದು ಮಾಮೂಲಿ, ಹಾಗಾಗಿ ಅವರದ್ದು ತಪ್ಪಲ್ಲ. ಆದರೆ ಕನೆಕ್ಟರ್‌ಗೆ ನೀರು ಹೋಗಿದ್ದರೆ ಬೆಳಗ್ಗೆಯೂ ತೊಂದರೆ ಇರಬೇಕಲ್ವಾ?

ಬಸವನಹಳ್ಳಿ ಕಡೆಯ ಒಂದು ಮನೆಯಲ್ಲಿ ಸಿಗ್ನಲ್ ಲೆವೆಲ್ ಎಲ್ಲ ಸರಿಯಾಗಿತ್ತು. ಸಂಜೆ ಪಿಂಗ್ (ಉತ್ತರ ಎಷ್ಟು ಬೇಗ ಬರುತ್ತೆ ಅಂತ ನೋಡುವ ಪರೀಕ್ಷೆ) ಹಾಕಿದರೆ ಒಂದೂ ಪ್ಯಾಕೆಟ್, ಅಂದರೆ ಡೇಟಾದ ತುಣುಕು, ಕಳೆಯುತ್ತಿರಲಿಲ್ಲ, ಆದರೆ ನಡುನಡುವೆ ಒಂದೊಂದು ಉತ್ತರ ಮಾತ್ರ ತುಂಬಾ ತಡವಾಗಿ ಬರುತ್ತಿತ್ತು. ಇದು ತಂತಿಯದ್ದಲ್ಲ, ಕಳಿಸಲು ಕಾಯುವ ಸರದಿಯ ತೊಂದರೆ.

ಕೋಆಕ್ಸಿಯಲ್ ಕೇಬಲ್‌ನಲ್ಲಿ ಒಂದು ಬೀದಿಯ ಮೋಡೆಮ್‌ಗಳೆಲ್ಲ ಒಂದೇ ಅಪ್‌ಸ್ಟ್ರೀಮ್ (ಮನೆಯಿಂದ ನಮ್ಮ ಕಡೆಗೆ ಡೇಟಾ ಹೋಗುವ ದಾರಿ) ಹಂಚಿಕೊಳ್ಳುತ್ತವೆ. ಮನೆಗಳಿಗೆ ಲೈನ್ ಕವಲೊಡೆಯುವ ಟ್ಯಾಪ್‌ಗಳು ಮನೆಯ ಸಿಗ್ನಲ್ಲನ್ನು ಹೆಡ್ಎಂಡ್ (ಕೇಬಲ್ ಕಂಪನಿಯ ಕೇಂದ್ರ) ಕಡೆಗೇ ಕಳಿಸುವುದರಿಂದ ಒಂದು ಮೋಡೆಮ್ ಮಾತಾಡುವುದು ಇನ್ನೊಂದಕ್ಕೆ ಕೇಳಿಸುವುದಿಲ್ಲ. ಆದ್ದರಿಂದ ಹಳೇ ಈಥರ್ನೆಟ್‌ನ ಹಾಗೆ ಲೈನ್ ಖಾಲಿ ಇದೆಯಾ ಅಂತ ಕೇಳಿಸಿಕೊಂಡು ಕಳಿಸಲು ಆಗುವುದಿಲ್ಲ. ಕೇಬಲ್ ಇಂಟರ್ನೆಟ್‌ನ ನಿಯಮಾವಳಿಯಾದ ಡಾಕ್ಸಿಸ್‌ನಲ್ಲಿ ಮೋಡೆಮ್ ಮೊದಲು ಕಳಿಸಲು ಜಾಗ ಕೇಳಬೇಕು, ಹೆಡ್ಎಂಡ್‌ನಲ್ಲಿ ಮೋಡೆಮ್‌ಗಳನ್ನು ನಡೆಸುವ ಯಂತ್ರವಾದ ಸಿಎಂಟಿಎಸ್, ಯಾರು ಯಾವಾಗ ಕಳಿಸಬೇಕು ಎಂದು ಹೇಳುವ ಮ್ಯಾಪ್ ಸಂದೇಶದಲ್ಲಿ ಜಾಗ ಕೊಡುತ್ತದೆ. ಇಬ್ಬರು ಒಂದೇ ಹೊತ್ತಿಗೆ ಕೇಳಿದರೆ ಡಿಕ್ಕಿ. ಆಮೇಲೆ ಇಬ್ಬರೂ ಒಂದು ಮಿತಿಯೊಳಗೆ ಚೀಟಿ ಎತ್ತಿದ ಹಾಗೆ ಎಷ್ಟೋ ಹೊತ್ತು ಕಾದು ಮತ್ತೆ ಕೇಳಬೇಕು. ಪ್ರತಿ ಡಿಕ್ಕಿಗೂ ಕಾಯುವ ಮಿತಿ ಎರಡರಷ್ಟಾಗುತ್ತಾ ಹೋಗುತ್ತದೆ. 16 ಸಲ ಕೇಳಿಯೂ ಆಗದಿದ್ದರೆ ಆ ಪ್ಯಾಕೆಟ್ ಬಿಟ್ಟುಬಿಡುತ್ತದೆ. ಡೌನ್‌ಲೋಡ್ ಮಾಡುವಾಗಲೂ 'ಬಂತು' ಅಂತ ಹೇಳುವ ಚಿಕ್ಕ ಪ್ಯಾಕೆಟ್‌ಗಳು ಇದೇ ದಾರಿಯಲ್ಲಿ ಮೇಲೆ ಹೋಗಬೇಕು. ಅದಕ್ಕೇ ಅಪ್‌ಸ್ಟ್ರೀಮ್ ತುಂಬಿದಾಗ ಸಿನಿಮಾನೂ ಸುತ್ತುವುದು.

ಇದಕ್ಕೆ ಎದುರಾಗಿ, ಕೇಬಲ್ ಮೋಡೆಮ್‌ಗೆ ಮಾನದಂಡ ಬರೆಯುತ್ತಿದ್ದ ಐಇಇಇ 802.14 ಗುಂಪು ಬೇರೆ ದಾರಿ ಹಿಡಿದಿತ್ತು. ಡಿಕ್ಕಿಯಾದವರನ್ನು ಮಾತ್ರ ಚಿಕ್ಕ ಗುಂಪುಗಳಾಗಿ ಒಡೆದು ಅವರ ವಿಷಯ ಮೊದಲು ಮುಗಿಸುವುದು. ದಟ್ಟಣೆಯಲ್ಲಿ ತಡ ಅಂಕೆಯಲ್ಲಿರಲು ಇದು ಒಳ್ಳೆಯ ಯೋಚನೆ ಅಂತಲೇ ನನ್ನ ಅಭಿಪ್ರಾಯ. ಆದರೆ ಅಷ್ಟರಲ್ಲಿ, 1997ರಲ್ಲಿ, ಕೇಬಲ್ ಕಂಪನಿಗಳೇ ಸೇರಿ ಸರಳವಾದ ಡಾಕ್ಸಿಸ್ ತಂದವು. ಮಾರುಕಟ್ಟೆ ಅದರ ಕಡೆ ಹೋಯಿತು. ಡಾಕ್ಸಿಸ್ 1.1ರಲ್ಲಿ ಫೋನ್ ಮಾತಿಗೆ ಕೇಳದೆಯೇ ಕಾದಿಟ್ಟ ಜಾಗ ಸಿಗುವ ವ್ಯವಸ್ಥೆಯೂ ಸೇರಿತು.

ನಮ್ಮ ಬೀದಿಗೆ ಬೇಕಾದದ್ದು ದೊಡ್ಡ ಪ್ಲಾನ್ ಆಗಿರಲಿಲ್ಲ. ನೋಡ್ (ಒಂದಷ್ಟು ಬೀದಿಗಳ ಕೇಬಲ್ ಬಂದು ಸೇರುವ ಪೆಟ್ಟಿಗೆ) ಒಡೆದು ಮನೆಗಳನ್ನು ಎರಡು ಅಪ್‌ಸ್ಟ್ರೀಮ್‌ಗೆ ಹಂಚಿದ ಮೇಲೆ ಸಂಜೆಯ ಪಿಂಗ್ ಒಂದೇ ಸಮ ಬರತೊಡಗಿತು.

ಹೊಸ ಬಡಾವಣೆಗೆ ಈಗ ಜಿಪಾನ್ (ಒಂದೇ ಫೈಬರನ್ನು ಹಲವು ಮನೆಗಳಿಗೆ ಹಂಚುವ ಪದ್ಧತಿ) ಫೈಬರ್ ಎಳೆಯುತ್ತಿದ್ದೇವೆ. ಅಲ್ಲಿಯೂ ಮೇಲಿನ ದಾರಿ ಹಂಚಿಕೆಯದ್ದೇ, ಆದರೆ ಯಾರು ಯಾವಾಗ ಕಳಿಸಬೇಕು ಎಂದು ನಮ್ಮ ಕೇಂದ್ರದ ಯಂತ್ರವಾದ ಓಎಲ್‌ಟಿಯೇ ಹೇಳುವುದರಿಂದ ಜಾಗ ಕೇಳುವಾಗ ಡಿಕ್ಕಿಯಾಗುವುದಿಲ್ಲ. ಕೋಆಕ್ಸ್ ಉಳಿದಿರುವ ಬೀದಿಗಳಿಂದ ದೂರು ಬಂದರೆ ಏಣಿ ತೆಗೆಯುವ ಮೊದಲು ಹುಡುಗರು ಎರಡು ವಿಷಯ ನೋಡಿ ಬರೆದಿಡಬೇಕು: ಸಂಜೆ ಅಪ್‌ಸ್ಟ್ರೀಮ್ ಎಷ್ಟು ತುಂಬಿದೆ, ಜಾಗ ಕೇಳುವ ಸ್ಲಾಟ್‌ಗಳಲ್ಲಿ ಎಷ್ಟು ಡಿಕ್ಕಿಯಾಗಿದೆ. ಎರಡೂ ಕಡಿಮೆ ಇದ್ದರೆ ಆಗ ಕಂಬ ಹತ್ತಲಿ.