ಆರಿದ ಟಿವಿಯ ಗಾಜಿನಲ್ಲಿ ಒಬ್ಬ ಅಪ್ಪ

ಈ ವಾರ ‘ಆಫ್ಟರ್‌ಸನ್’ ಸಿನಿಮಾ ಮತ್ತೆ ನೋಡಿದೆ. ಮುಗಿದ ಮೇಲೆ ಒಂದೇ ಶಾಟಿಗೆ ಎಷ್ಟು ಸಲ ಹಿಂದೆ ಹೋದೆನೋ. ಟರ್ಕಿಯ ಹೋಟೆಲ್ ರೂಮು. ಹನ್ನೊಂದು ವರ್ಷದ ಸೋಫಿ ಹ್ಯಾಂಡಿಕ್ಯಾಮ್ ಹಿಡಿದು ಅಪ್ಪನನ್ನು ಪ್ರಶ್ನೆ ಕೇಳುತ್ತಿದ್ದಾಳೆ. ವೈರನ್ನು ಟಿವಿಗೆ ಸಿಕ್ಕಿಸಿರುವುದರಿಂದ ಅವನ ಮುಖ ಆಗಲೇ ಪರದೆಯ ಮೇಲೂ ಮೂಡುತ್ತಿದೆ. ಹನ್ನೊಂದು ವರ್ಷದವನಿದ್ದಾಗ, ಈಗ ಏನು ಮಾಡುತ್ತಿರುತ್ತೀಯ ಅಂದುಕೊಂಡಿದ್ದೆ ಎನ್ನುತ್ತಾಳೆ. ಕ್ಯಾಮೆರಾ ಆಫ್ ಮಾಡು ಎನ್ನುತ್ತಾನೆ. ಟಿವಿ ಕಪ್ಪಾಗುತ್ತದೆ, ಶಾಟ್ ಮಾತ್ರ ಕದಲುವುದಿಲ್ಲ. ತನ್ನ ಹನ್ನೊಂದನೇ ಹುಟ್ಟುಹಬ್ಬ ಮನೆಯಲ್ಲಿ ಯಾರಿಗೂ ನೆನಪೇ ಇರಲಿಲ್ಲ ಅಂತ ಅವನು ಹೇಳುವುದನ್ನು ನಾವು ಕೇಳುವುದು ಆ ಕಪ್ಪು ಗಾಜಿನೊಳಗಿನ ಮಸುಕು ಮುಖದಿಂದ.

ನಿರ್ದೇಶಕಿ ಶಾರ್ಲೆಟ್ ವೆಲ್ಸ್ ಅವರ ಮೊದಲ ಪೂರ್ಣಾವಧಿ ಚಿತ್ರ, 2022ರದು. ಛಾಯಾಗ್ರಹಣ ಗ್ರೆಗರಿ ಓಕ್. ಹ್ಯಾಂಡಿಕ್ಯಾಮ್ ತುಣುಕುಗಳು ಮಿನಿ ಡಿವಿ ಎಂಬ ಪುಟ್ಟ ವಿಡಿಯೊ ಟೇಪಿನವು, ಉಳಿದದ್ದು 35 ಎಂಎಂ ಫಿಲ್ಮ್. ಏನೂ ನಡೆಯುವುದಿಲ್ಲ ಎಂದು ದೂರುವವರು ಈ ಗಾಜನ್ನು ನೋಡಿಯೇ ಇಲ್ಲ.

ಕಿರುಚಿತ್ರ ಮಾಡುವ ನಮ್ಮ ಹುಡುಗರು ಇಂಥ ಶಾಟಿಗೆ ಕೈ ಹಾಕಿದಾಗ ಮೊದಲು ಕೈಕೊಡುವುದು ಫೋಕಸ್. ಫೋಕಸನ್ನು ಗಾಜಿನ ಮೇಲೆ ಇಟ್ಟರೆ ಧೂಳು, ಬೆರಳಚ್ಚು ಸ್ಪಷ್ಟ, ಮುಖ ಮಬ್ಬು. ಚಪ್ಪಟೆ ಕನ್ನಡಿಯಾದರೆ ಎರಡು ದೂರ ಕೂಡಿಸಬೇಕು: ಕ್ಯಾಮೆರಾದಿಂದ ಗಾಜಿಗೆ 2 ಮೀಟರ್, ಗಾಜಿನಿಂದ ನಟನಿಗೆ 2.5 ಮೀಟರ್ ಇದ್ದರೆ ಫೋಕಸ್ 4.5ಕ್ಕೆ. ಆದರೆ ಹಳೆಯ ಡಬ್ಬಾ ಟಿವಿಯ ಗಾಜು ಉಬ್ಬಿರುತ್ತದೆ. ಉಬ್ಬುಗನ್ನಡಿಯಲ್ಲಿ ಪ್ರತಿಬಿಂಬ ಚಿಕ್ಕದಾಗಿ ಗಾಜಿನ ಹಿಂದೆ ಹತ್ತಿರದಲ್ಲೇ ನಿಲ್ಲುತ್ತದೆ, ಹಾಗಾಗಿ ಆ ಲೆಕ್ಕ ಇಲ್ಲಿ ತಪ್ಪುತ್ತದೆ. ಅಳತೆಯ ಟೇಪು ಬದಿಗಿಟ್ಟು, ಮಾನಿಟರ್‌ನಲ್ಲಿ ಕಣ್ಣಿನ ಮಿನುಗನ್ನು ದೊಡ್ಡದು ಮಾಡಿ ನೋಡಿಯೇ ಫೋಕಸ್ ಹಿಡಿಯಬೇಕು.

ಎರಡನೆಯದು ಬೆಳಕು. ಆರಿದ ಗಾಜು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ತೀರಾ ಸ್ವಲ್ಪವನ್ನೇ ಹಿಂದಕ್ಕೆ ಕೊಡುತ್ತದೆ. ಮುಖ ಕಾಣುವಂತೆ ಮಾಡಲು ಎಕ್ಸ್‌ಪೋಶರ್ (ಕ್ಯಾಮೆರಾ ಒಳಕ್ಕೆ ಬಿಡುವ ಬೆಳಕು) ಏರಿಸಿದರೆ ಟಿವಿಯ ಸುತ್ತಲ ಗೋಡೆ ಸುಟ್ಟು ಬೆಳ್ಳಗಾಗುತ್ತದೆ. ಬೆಳಕು ಮುಖಕ್ಕೆ ಬೇಕು, ಗೋಡೆಗೂ ಗಾಜಿಗೂ ಬೀಳಬಾರದು. ನಟನ ಬೆನ್ನ ಹಿಂದಿನ ಬಿಳಿ ಗೋಡೆಯೂ ಅಪಾಯವೇ, ಮುಖಕ್ಕಿಂತ ಅದೇ ಹೆಚ್ಚು ಹೊಳೆಯುತ್ತದೆ. ಉಬ್ಬುಗಾಜು ಅರ್ಧ ರೂಮನ್ನೇ ತೋರಿಸುವುದರಿಂದ ಕ್ಯಾಮೆರಾವನ್ನು ಓರೆಯಾಗಿ ಇಟ್ಟರೂ ಸ್ಟ್ಯಾಂಡು, ಮೈಕು ಹಿಡಿದವನ ಮೊಣಕೈ ಯಾವುದೋ ಮೂಲೆಯಲ್ಲಿ ಕಾಣಿಸುತ್ತದೆ. ಕರಿಬಟ್ಟೆ ಮರೆಮಾಡಿ, ಎಲ್ಲರೂ ಕಪ್ಪು ಅಂಗಿ ತೊಟ್ಟು ನಿಂತರೇ ಸರಿ.

ಇಷ್ಟೆಲ್ಲ ಪಾಡು ತಪ್ಪಿಸಲು ಅಪ್ಪನ ಮುಖಕ್ಕೊಂದು ಕ್ಲೋಸಪ್ ಇಟ್ಟಿದ್ದರೆ ಸಾಕಿತ್ತಲ್ಲ? ಸಾಲದು. ಈ ಅಪ್ಪ, ಕ್ಯಾಲಮ್, ಒಳಗೇ ಕುಸಿಯುತ್ತಿರುವ ಮನುಷ್ಯ, ಮಗಳಿಗೆ ತಿಳಿಯದಂತೆ ನೋಡಿಕೊಳ್ಳುವುದೇ ಅವನ ದಿನದ ಕೆಲಸ. ಮುಚ್ಚಿಡುವುದು ತಪ್ಪೆಂದು ನನಗೆ ಅನಿಸುವುದಿಲ್ಲ, ಅವನಿಗೆ ತಿಳಿದಿದ್ದ ಪ್ರೀತಿ ಅದೊಂದೇ. ಕ್ಲೋಸಪ್ ಅವನು ಬಚ್ಚಿಟ್ಟದ್ದನ್ನು ಕಸಿದುಕೊಳ್ಳುತ್ತಿತ್ತು. ಗಾಜು ಕಸಿಯುವುದಿಲ್ಲ.

ಚಿತ್ರ ಶುರುವಾಗುವುದೇ ಅದೇ ಸಂದರ್ಶನದ ಟೇಪಿನಿಂದ. ಆಗ ಅದು ಬರೀ ತುಂಟಾಟ. ದೊಡ್ಡವಳಾದ ಸೋಫಿ ಎಷ್ಟು ಸಲ ಹಾಕಿ ನೋಡಿದರೂ ಟೇಪು ನಿಲ್ಲುವುದು ಅಪ್ಪ ಆಫ್ ಮಾಡು ಎಂದಲ್ಲಿಗೆ. ಹುಟ್ಟುಹಬ್ಬದ ಮಾತು ಅದರಲ್ಲಿಲ್ಲ.