ಕತ್ತಿನ ಕೊಳೆ

ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಅವ್ವ ನನ್ನ ಕತ್ತು ಉಜ್ಜುತ್ತಿದ್ದಳು. ಭಾನುವಾರ ತಲೆಗೆ ನೀರು ಹಾಕುವಾಗ ಕಡಲೆಹಿಟ್ಟು, ನಿಂಬೆಹಣ್ಣಿನ ಸಿಪ್ಪೆ, ಒಮ್ಮೊಮ್ಮೆ ತೆಂಗಿನ ನಾರು. 'ಕೊಳೆ ಕಣೇ, ಸರಿಯಾಗಿ ತಿಕ್ಕೊಳಲ್ಲ ನೀನು' ಎನ್ನುತ್ತಿದ್ದಳು. ಚರ್ಮ ಉರಿಯುತ್ತಿತ್ತು. ಕಪ್ಪು ಮಾತ್ರ ಹೋಗುತ್ತಿರಲಿಲ್ಲ. ನಾನೂ ಅದು ಕೊಳೆಯೇ ಅಂದುಕೊಂಡಿದ್ದೆ. ಸೆಕೆಗಾಲದಲ್ಲೂ ದುಪ್ಪಟ್ಟ ಕತ್ತಿಗೆ ಸುತ್ತಿಕೊಂಡೇ ಕಾಲೇಜಿಗೆ ಹೋದವಳು ನಾನು.

ಮುಟ್ಟು ಮೂರು ತಿಂಗಳಿಗೊಮ್ಮೆ, ಕೆಲವು ಸಲ ಐದು ತಿಂಗಳಿಗೊಮ್ಮೆ. ಗದ್ದದ ಮೇಲೆ ಗಟ್ಟಿ ಕೂದಲು. ಪಾರ್ಲರ್ ಹುಡುಗಿ ಹುಬ್ಬು ಮುಗಿಸಿ, ನಾನು ಕೇಳದೆಯೇ ಗದ್ದಕ್ಕೂ ದಾರ ಹಾಕುತ್ತಿದ್ದಳು. ಕೇಳದೆ ಮಾಡುತ್ತಿದ್ದಳಲ್ಲ, ಅದಕ್ಕೇ ಅವಳ ಹತ್ತಿರವೇ ಹೋಗುತ್ತಿದ್ದೆ.

ಮಂಡ್ಯದಲ್ಲೇ ಮೊದಲು ತೋರಿಸಿದ್ದು. ಒಂದು ಲೀಟರ್ ನೀರು ಕುಡಿಸಿ, ಒಂದೂವರೆ ಗಂಟೆ ಕಾಯಿಸಿ, ಸ್ಕ್ಯಾನಿಂಗ್ ಮಾಡಿದರು. ಅಲ್ಲಿನ ಮೊದಲ ಪ್ರಶ್ನೆ 'ಮದುವೆ ಆಗಿದೆಯಾ?' ಅಂತ. ಆಸ್ಪತ್ರೆಯಲ್ಲಿ ಆ ಪ್ರಶ್ನೆಗೆ ಬೇರೆಯೇ ಅರ್ಥ ಇರುತ್ತದೆ. ಅದನ್ನು ನೇರವಾಗಿ ಕೇಳುವ ಧೈರ್ಯ ಯಾರಿಗೂ ಇಲ್ಲ, ಅಷ್ಟೇ. ಡಾಕ್ಟರ್ ರಿಪೋರ್ಟ್ ನೋಡಿದರು, ನನ್ನನ್ನು ನೋಡಲಿಲ್ಲ. ಅವ್ವನ ಕಡೆ ತಿರುಗಿ, 'ಪಿಸಿಓಡಿ. ಅಂಡಾಶಯದಲ್ಲಿ ನೀರುಗುಳ್ಳೆ ಇದೆ. ಹದಿನೈದು ಕೆಜಿ ಇಳಿಸ್ಲಿ. ಬೇಗ ಮದುವೆ ಮಾಡಿ, ಒಂದು ಮಗು ಆದ್ರೆ ಎಲ್ಲ ಸರಿಹೋಗುತ್ತೆ' ಎಂದರು. ಮೂರು ತಿಂಗಳಿಗೆ ಮಾತ್ರೆ ಬರೆದರು. ಅದು ಏನು ಮಾತ್ರೆ, ಯಾಕೆ ಅಂತ ಹೇಳಲಿಲ್ಲ. ಮಾತ್ರೆ ನಿಂತಿತು, ಮುಟ್ಟೂ ನಿಂತಿತು.

ಆಮೇಲೆ ಎರಡು ವರ್ಷ ಮೆಂತ್ಯದ ನೀರು, ಎಳ್ಳು ಬೆಲ್ಲ. ಬೆಲ್ಲಕ್ಕೆ ನಮ್ಮೂರಲ್ಲಿ ಬರವಾ?

ಮೈಸೂರಿಗೆ ಹೋಗು ಅಂದಿದ್ದು ಆಫೀಸಿನ ಅಕ್ಕ ಒಬ್ಬರು. ಅವ್ವನಿಗೆ ಮನಸ್ಸಿರಲಿಲ್ಲ. 'ಅಲ್ಲೂ ಅದನ್ನೇ ಹೇಳ್ತಾರೆ' ಅಂದಳು. ಆದರೂ ಇಬ್ಬರೂ ಆಧಾರ್ ಕಾರ್ಡ್ ಹಿಡಿದು ಫ್ರೀ ಬಸ್ಸು ಹತ್ತಿದೆವು. ಶ್ರೀರಂಗಪಟ್ಟಣದಲ್ಲಿ ಹೊಳೆ ದಾಟುವಾಗ ಅವ್ವ ಕೈ ಮುಗಿದಳು. ನಾನು ಗಂಡು ಡಾಕ್ಟರ್ ಆಗದಿದ್ದರೆ ಸಾಕು ಅಂತ ಬೇಡಿಕೊಂಡೆ.

ಸರಸ್ವತಿಪುರಂನ ಸಣ್ಣ ಕ್ಲಿನಿಕ್. ಐವತ್ತು ದಾಟಿದ ಡಾಕ್ಟರಮ್ಮ. ಹಳೆ ರಿಪೋರ್ಟ್ ಪಕ್ಕಕ್ಕಿಟ್ಟರು. 'ನೀವೇ ಹೇಳಿ, ನಿಮಗೆ ಜಾಸ್ತಿ ತೊಂದರೆ ಕೊಡ್ತಿರೋದು ಯಾವುದು?' ಎಂದು ನನ್ನನ್ನು ಕೇಳಿದರು. ನಾನು ಮುಟ್ಟಿನ ವಿಷಯ ತಯಾರಿ ಮಾಡಿಕೊಂಡು ಹೋಗಿದ್ದೆ. ಬಾಯಿಗೆ ಬಂದಿದ್ದು 'ಗದ್ದದ ಕೂದಲು ಮೇಡಂ.' ಅವರು ನಗಲಿಲ್ಲ. ಅವ್ವನನ್ನು ಎರಡು ನಿಮಿಷ ಹೊರಗೆ ಕೂರಲು ಹೇಳಿ, ನಿದ್ದೆ ಬರುತ್ತಾ, ಸುಮ್ನೆ ಅಳು ಬರುತ್ತಾ ಅಂತ ವಿಚಾರಿಸಿದರು. ಬರುತ್ತೆ ಅನ್ನುವಷ್ಟರಲ್ಲಿ ಅಲ್ಲೇ ಬಂತು.

ಅವ್ವನನ್ನು ವಾಪಸ್ ಕರೆದ ಮೇಲೆ ಚೀಟಿಯ ಹಿಂದೆ ಅಂಡಾಶಯದ ಒಂದು ದುಂಡಗಿನ ಚಿತ್ರ ಬರೆದರು. ಅಂಚಿನುದ್ದಕ್ಕೂ ಚಿಕ್ಕ ಚಿಕ್ಕ ಸೊನ್ನೆ. 'ಇವು ಗುಳ್ಳೆ ಅಲ್ಲ, ಗೆಡ್ಡೆನೂ ಅಲ್ಲ. ಮೊಟ್ಟೆ ಇರೋ ಚೀಲಗಳು. ಬೆಳೆಯೋಕೆ ಶುರು ಮಾಡಿ ಅರ್ಧಕ್ಕೇ ನಿಂತಿವೆ.'

ಅವ್ವ ಬಗ್ಗಿ ನೋಡಿ, 'ಹೀಚಲ್ಲೇ ನಿಂತೋಗವೆ ಅನ್ನಿ' ಎಂದಳು.

'ಅದೇ ಅಮ್ಮ, ಸರಿಯಾಗಿ ಹೇಳಿದ್ರಿ.'

ಅಲ್ಲಿಂದ ಅವ್ವ ಕುರ್ಚಿಯ ತುದಿಗೆ ಬಂದು ಕೂತಳು. ಸ್ಕ್ಯಾನಿಂಗ್ ಒಂದರಿಂದಲೇ ಪಿಸಿಓಡಿ ಅಂತ ಹೇಳುವುದಿಲ್ಲವಂತೆ. ಮುಟ್ಟು ತಪ್ಪುವುದು, ಗಂಡಸರ ಹಾರ್ಮೋನು ಜಾಸ್ತಿ ಇರುವ ಗುರುತು, ಅಂಡಾಶಯ ಹೀಗೆ ಕಾಣುವುದು: ಮೂರರಲ್ಲಿ ಎರಡು ಇರಬೇಕು. ಥೈರಾಯ್ಡ್, ಎದೆಹಾಲಿನ ಹಾರ್ಮೋನು ಪ್ರೊಲ್ಯಾಕ್ಟಿನ್ ಕೂಡ ನೋಡಬೇಕು, ಅವೂ ಮುಟ್ಟು ತಪ್ಪಿಸುತ್ತವೆ. ಶುಗರ್ ನೋಡಲು ಖಾಲಿ ಹೊಟ್ಟೆಯಲ್ಲಿ ಹೋಗಿ ರಕ್ತ ಕೊಟ್ಟು, 75 ಗ್ರಾಂ ಗ್ಲೂಕೋಸ್ ಕುಡಿದು, ಎರಡು ಗಂಟೆ ಬಿಟ್ಟು ಮತ್ತೆ ರಕ್ತ ಕೊಡಬೇಕು. ತಿಂಗಳುಗಟ್ಟಲೆ ಮುಟ್ಟಾಗದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ, ಅದು ಒಳ್ಳೆಯದಲ್ಲ. ಅದಕ್ಕೇ ಹತ್ತು ದಿನದ ಮಾತ್ರೆ, ನಿಲ್ಲಿಸಿದ ಮೇಲೆ ಮುಟ್ಟು ಬರುತ್ತದೆ. ಎರಡು ವರ್ಷದಲ್ಲಿ ಇದನ್ನು ಯಾರೂ ನನಗೆ ಹೇಳಿರಲಿಲ್ಲ!

ಆಮೇಲೆ ದುಪ್ಪಟ್ಟ ಸರಿಸಿ ಕತ್ತು ನೋಡಿದರು. ಅವ್ವ ತಟಕ್ಕನೆ, 'ಎಷ್ಟು ಉಜ್ಜಿದ್ರೂ ಹೋಗಕ್ಕಿಲ್ಲ ಡಾಕ್ಟ್ರಮ್ಮ' ಎಂದಳು.

'ಉಜ್ಜಬೇಡಿ. ಅದು ಕೊಳೆ ಅಲ್ಲ.'

ದೇಹ ಇನ್ಸುಲಿನ್ ಮಾತು ಸರಿಯಾಗಿ ಕೇಳದಿದ್ದಾಗ ಅದು ಇನ್ನೂ ಜಾಸ್ತಿ ತಯಾರಾಗುತ್ತದೆ. ಜಾಸ್ತಿಯಾದ ಇನ್ಸುಲಿನ್ ಕತ್ತು, ಕಂಕುಳ ಚರ್ಮವನ್ನು ಹೀಗೆ ಕಪ್ಪು, ದಪ್ಪ ಮಾಡುತ್ತದೆ. ಗಂಡಸರ ಹಾರ್ಮೋನನ್ನೂ ಹೆಚ್ಚಿಸುತ್ತದೆ. ಕತ್ತು, ಗದ್ದ, ಮುಟ್ಟು ಮೂರಕ್ಕೂ ನಂಟಿದೆ. ಡಾಕ್ಟರಮ್ಮ ಇದನ್ನೆಲ್ಲ ನಿಧಾನಕ್ಕೆ ಹೇಳುತ್ತಿದ್ದರು. ಅವ್ವ ನನ್ನ ಕತ್ತನ್ನೇ ನೋಡುತ್ತಿದ್ದಳು.

ದೇಹ ಇನ್ಸುಲಿನ್ ಮಾತು ಕೇಳಲಿ ಅಂತ ಮೆಟ್‌ಫಾರ್ಮಿನ್ 500 ಮಾತ್ರೆ ಬರೆದರು, ರಾತ್ರಿ ಊಟದ ಜೊತೆಗೆ. ಮೊದಲು ಸ್ವಲ್ಪ ದಿನ ಹೊಟ್ಟೆ ಕೆಡಬಹುದು, ಹೆದರಬೇಡಿ ಎಂದರು. (ಕೆಟ್ಟಿತು. ಹತ್ತು ದಿನ.) ಗದ್ದದ ಕೂದಲಿಗೆ ಬೇರೆ ಮಾತ್ರೆ ಇದೆ, ಆದರೆ ಫಲ ಕಾಣಲು ಆರು ತಿಂಗಳಾದರೂ ಬೇಕು, ಅಲ್ಲಿಯವರೆಗೆ ದಾರ ಹಾಕಿಸಿಕೊಳ್ಳಿ, ಅದರಲ್ಲಿ ನಾಚಿಕೆ ಏನಿಲ್ಲ ಎಂದರು. ನನ್ನ ತೂಕ 70 ಕೆಜಿ. 'ಸದ್ಯಕ್ಕೆ ಮೂರೂವರೆ ಕೆಜಿ ಇಳಿದ್ರೂ ವ್ಯತ್ಯಾಸ ಗೊತ್ತಾಗುತ್ತೆ' ಎಂದಾಗ ಎದೆ ಹಗುರಾಯಿತು. ಹದಿನೈದು ಎಲ್ಲಿ, ಮೂರೂವರೆ ಎಲ್ಲಿ! ಮುದ್ದೆ ಬಿಡಿ ಎನ್ನಲಿಲ್ಲ. ಗಾತ್ರ ಇಳಿಸಿ, ಸೊಪ್ಪು ಕಾಳು ಜಾಸ್ತಿ ಮಾಡಿ ಎಂದರು. ಎಳ್ಳು ಬೆಲ್ಲಕ್ಕೆ ಮಾತ್ರ ನಕ್ಕುಬಿಟ್ಟರು.

ಏಳುವಾಗ ಅವ್ವ ಕೊನೆಗೂ ಕೇಳಿದಳು, 'ಮದ್ವೆ ಆದ್ರೆ ಸರಿಹೋಗುತ್ತೆ ಅಂದಿದ್ರಲ್ಲ?'

'ಮದುವೆ ಔಷಧಿ ಅಲ್ಲಮ್ಮ. ಇದು ಪೂರ್ತಿ ಹೋಗೋ ಕಾಯಿಲೆನೂ ಅಲ್ಲ, ಹಿಡಿತದಲ್ಲಿ ಇಟ್ಕೋಬೇಕು. ಮಗು ಬೇಕು ಅಂದಾಗ ಬರ್ಲಿ, ಅದಕ್ಕೂ ಮಾತ್ರೆ ಇದೆ. ಹತ್ತು ಹೆಣ್ಣುಮಕ್ಕಳಲ್ಲಿ ಹೆಚ್ಚುಕಮ್ಮಿ ಒಬ್ಬರಿಗೆ ಇದು ಇರುತ್ತೆ. ನಿಮ್ಮ ಮನೆಲಿ ಯಾರಿಗಾದ್ರೂ ಶುಗರ್ ಇದೆಯಾ?'

'ನಮ್ಮವ್ವಂಗಿತ್ತು' ಎಂದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಪಕ್ಕ ನನ್ನನ್ನು ಕೂರಿಸಿದಳು. ಅವಳು ಎಂದೂ ಬಿಟ್ಟುಕೊಡದ ಜಾಗ. ಶ್ರೀರಂಗಪಟ್ಟಣ ದಾಟುವವರೆಗೂ ಮಾತಿಲ್ಲ. ಬೈಯುತ್ತಾಳೋ, ಅಳುತ್ತಾಳೋ ತಿಳಿಯದೆ ನಾನು ಗದ್ದೆ ನೋಡುತ್ತಾ ಕೂತಿದ್ದೆ. ಆಮೇಲೆ ಅವಳು ತುರುಬನ್ನು ಮೇಲೆತ್ತಿ ಹಿಡಿದು, ಸೆರಗು ಸರಿಸಿ, ಬೆನ್ನು ನನ್ನ ಕಡೆ ತಿರುಗಿಸಿದಳು.

'ನಂದೂ ನೋಡವ್ವ. ಹಂಗೇ ಅದಾ?'

ಹಂಗೇ ಇತ್ತು.